ತಿಂಗಳು ತುಂಬದೆ ಹುಟ್ಟಿದ ಮಕ್ಕಳು: ಹೆತ್ತವರ ಮಾತಿಗೆ ಬೆಲೆ ಬರಲಿ

ಮುಂಬಯಿ: ಮಹಾನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣಾ ಶಿಬಿರ ನಡೆಸದವು ಅಪರೂಪ. ರಕ್ತದೊತ್ತಡಕ್ಕೆ ಒಂದು ಮೇಜು, ಸಕ್ಕರೆ ಕಾಯಿಲೆಗೆ ಒಂದು, ಕಣ್ಣಿಗೆ ಒಂದು, ಹಲ್ಲಿಗೆ ಒಂದು, ಮೂಲೆಯಲ್ಲಿ ರಕ್ತದಾನದ ಮಂಚ. ಇವೆಲ್ಲವೂ ಶ್ಲಾಘನೀಯ. ಆದರೆ ಎರಡು ವರ್ಷದೊಳಗಿನ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬರುವ ತಾಯಿಗೆ, ಅದರಲ್ಲೂ ತಿಂಗಳು ತುಂಬುವ ಮೊದಲೇ ಹೆರಿಗೆಯಾದ ತಾಯಿಗೆ, ಆ ಸಭಾಗೃಹದಲ್ಲಿ ಕುಳಿತು ಮಾತನಾಡಲು ಒಂದು ಕುರ್ಚಿ ಇರುವುದಿಲ್ಲ.

ಈ ಕೊರತೆಯನ್ನು ತುಂಬಲು ಯಂತ್ರ ಬೇಕಿಲ್ಲ, ಲಕ್ಷಾಂತರ ರೂಪಾಯಿಯ ದೇಣಿಗೆಯೂ ಬೇಕಿಲ್ಲ. ಮಗು ಏನು ಮಾಡುತ್ತದೆ, ಏನು ಇನ್ನೂ ಮಾಡುತ್ತಿಲ್ಲ ಎಂದು ಹೆತ್ತವರನ್ನೇ ಕೇಳುವ ಕೆಲವು ಪುಟಗಳ ಪ್ರಶ್ನಾವಳಿ, ಉತ್ತರವನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವ ಒಬ್ಬರು, ಸಂಶಯ ಬಂದ ಮಗುವನ್ನು ತಜ್ಞರ ಬಳಿಗೆ ತಲುಪಿಸುವ ಒಂದು ದಾರಿ, ಇಷ್ಟಿದ್ದರೆ ಸಾಕು. ಈ ಮೂರರಲ್ಲಿ ಕೊನೆಯದು ಇಲ್ಲದಿದ್ದರೆ ಮೊದಲಿನ ಎರಡರಿಂದ ಪ್ರಯೋಜನವಿಲ್ಲ ಎಂಬುದನ್ನೂ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು.

ಊರಿನಲ್ಲಿ ಹೆರಿಗೆ, ಮುಂಬಯಿಯಲ್ಲಿ ಬಾಳುವೆ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಕರಾವಳಿಯ ಮನೆಗಳಲ್ಲಿ ಇಂದಿಗೂ ಉಳಿದು ಬಂದಿರುವ ಪದ್ಧತಿ. ಚೆಂಬೂರು, ತಿಲಕ್ ನಗರ, ಗೋವಂಡಿ, ಮಾನ್‌ಖುರ್ದ್ ಕಡೆ ಸಂಸಾರ ಹೂಡಿದ ಹೆಣ್ಣುಮಗಳು ಸೀಮಂತ ಮುಗಿಸಿ ಊರಿನ ರೈಲು ಹತ್ತುತ್ತಾಳೆ. ಹೆರಿಗೆ ಮಂಗಳೂರಿನಲ್ಲೋ, ಉಡುಪಿ-ಮಣಿಪಾಲದಲ್ಲೋ, ಕುಂದಾಪುರದಲ್ಲೋ ಆಗುತ್ತದೆ. ಮಗು ದಿನ ತುಂಬುವ ಮೊದಲೇ ಹುಟ್ಟಿದರೆ ಕೆಲವು ವಾರ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಆಮೇಲೆ ಅಜ್ಜಿಮನೆಯಲ್ಲಿ ಬಾಣಂತನ, ಮೂರು-ನಾಲ್ಕು ತಿಂಗಳಾದ ಮೇಲೆ ಮತ್ತೆ ಮುಂಬಯಿ. ಮಗುವನ್ನು ಮತ್ತೆ ಯಾವಾಗ ತಂದು ತೋರಿಸಬೇಕು ಎಂದು ಬರೆದುಕೊಟ್ಟ ಆಸ್ಪತ್ರೆಯ ಕಾಗದ ಎಷ್ಟೋ ಸಲ ಊರಿನ ಕಪಾಟಿನಲ್ಲೇ ಉಳಿಯುತ್ತದೆ.

ಇಲ್ಲಿನ ಮಕ್ಕಳ ವೈದ್ಯರಲ್ಲಿ ಮಗು ಹೋಗುವುದು ಚುಚ್ಚುಮದ್ದಿಗೆ ಅಥವಾ ಜ್ವರ-ಶೀತಕ್ಕೆ. ತೂಕ ನೋಡಿ, ಸೂಜಿ ಚುಚ್ಚಿ, ಮುಂದಿನ ತಾರೀಕು ಬರೆದರೆ ಆ ಭೇಟಿ ಮುಗಿಯಿತು. ಹೊರಗೆ ಇನ್ನೂ ಹತ್ತು-ಹದಿನೈದು ಮಂದಿ ಕಾಯುತ್ತಿರುತ್ತಾರೆ. ಮಗು ಎಷ್ಟು ವಾರಕ್ಕೆ ಹುಟ್ಟಿತು ಎಂದು ಯಾರೂ ಕೇಳದಿದ್ದರೆ ಯಾರೂ ಹೇಳುವುದೂ ಇಲ್ಲ. ಹೀಗೆ ಊರಿನ ಆಸ್ಪತ್ರೆಗೆ ಮಗು ಎಲ್ಲಿ ಹೋಯಿತೆಂದು ಗೊತ್ತಿಲ್ಲ, ಮುಂಬಯಿಯ ದವಾಖಾನೆಗೆ ಮಗು ಎಲ್ಲಿಂದ ಬಂತೆಂದು ಗೊತ್ತಿಲ್ಲ. ಎರಡರ ನಡುವೆ ಆ ಮಗುವಿನ ಪೂರ್ತಿ ಕಥೆ ಬಲ್ಲವರು ಹೆತ್ತವರು ಮಾತ್ರ. ಅವರ ಬಾಯಿಯಿಂದ ಕ್ರಮಬದ್ಧವಾಗಿ ಆ ಕಥೆಯನ್ನು ಹೊರಡಿಸುವ ಉಪಾಯವೇ ಪ್ರಶ್ನಾವಳಿ.

ಸಣ್ಣ ಸಂಖ್ಯೆಯಲ್ಲ

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. 28 ವಾರಕ್ಕಿಂತ ಮೊದಲು ಹುಟ್ಟಿದ್ದು ಅತ್ಯಂತ ಬೇಗ, 28ರಿಂದ 32 ವಾರದೊಳಗಿನದು ಬಹಳ ಬೇಗ, 32ರಿಂದ 37ರ ಒಳಗಿನದು ಸ್ವಲ್ಪ ಬೇಗ ಎಂಬ ಮೂರು ಮೆಟ್ಟಿಲುಗಳಿವೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರೆ, ಅದರಲ್ಲಿ ಸುಮಾರು 30 ಲಕ್ಷ ಭಾರತದ್ದೇ. ಬೇರಾವ ದೇಶದಲ್ಲೂ ಇಷ್ಟು ಮಕ್ಕಳು ತಿಂಗಳು ತುಂಬದೆ ಹುಟ್ಟಲಿಲ್ಲ. ಅಂದರೆ ದೇಶದಲ್ಲಿ ಹುಟ್ಟುವ ಪ್ರತಿ ಎಂಟು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು.

ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳ ಮಗು ಉಳಿಯುವುದಿಲ್ಲ ಎಂಬ ಹಳೆಯ ನಂಬಿಕೆ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದು ನಿಜವಲ್ಲ. ತಾಯಿಯ ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚಿದಂತೆ ಮಗುವಿನ ಪಾಲಿಗೆ ಅಷ್ಟಷ್ಟು ಒಳಿತೇ. ಇಂದು ಏಳು ತಿಂಗಳಿನದೂ ಎಂಟು ತಿಂಗಳಿನದೂ ಉಳಿಯುತ್ತಿರುವುದು ವೈದ್ಯಕೀಯದ ಶ್ರಮದಿಂದ. ಈ ಶ್ರಮದಲ್ಲಿ ಮುಂಬಯಿಗೂ ದೊಡ್ಡ ಪಾಲಿದೆ. ಚೆಂಬೂರಿನಿಂದ ಕೂಗಳತೆಯಲ್ಲಿರುವ ಸಯನ್‌ನ ಲೋಕಮಾನ್ಯ ತಿಲಕ್ ಪಾಲಿಕೆ ಆಸ್ಪತ್ರೆಯಲ್ಲಿ ಡಾ| ಆರ್ಮಿಡಾ ಫೆರ್ನಾಂಡಿಸ್ ಅವರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ತಾಯಿಹಾಲಿನ ಬ್ಯಾಂಕ್ ಏಷ್ಯಾದಲ್ಲೇ ಮೊದಲನೆಯದು. ತನ್ನ ತಾಯಿಯ ಹಾಲು ಸಿಗದ ಪುಟ್ಟ ಶಿಶುಗಳಿಗೆ ಇತರ ತಾಯಂದಿರು ದಾನವಿತ್ತ ಹಾಲು ಅಲ್ಲಿ ಸಿಗುತ್ತದೆ.

ಮಗುವನ್ನು ಉಳಿಸುವುದು ಅರ್ಧ ಕೆಲಸ. ಅದು ಕೇಳುತ್ತದೆಯೇ, ನೋಡುತ್ತದೆಯೇ, ಕೂರುತ್ತದೆಯೇ, ಮಾತು ಕಲಿಯುತ್ತದೆಯೇ ಎಂದು ಕಣ್ಣಿಡುವುದು ಉಳಿದರ್ಧ. ಬೇಗ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಾರೆ. ಆದರೆ ಸ್ನಾಯುಗಳ ಬಿಗಿತ, ಮಾತು ತಡವಾಗುವುದು, ಕಲಿಕೆಯ ತೊಡಕು, ಕಣ್ಣು-ಕಿವಿಯ ದೋಷ ಇವುಗಳ ಸಾಧ್ಯತೆ ತಿಂಗಳು ತುಂಬಿ ಹುಟ್ಟಿದವರಿಗಿಂತ ಇವರಲ್ಲಿ ಹೆಚ್ಚು. ಎಷ್ಟು ಬೇಗ ಹುಟ್ಟಿದೆಯೋ ಅಷ್ಟು ಹೆಚ್ಚು. ಮೊದಲ ಎರಡು-ಮೂರು ವರ್ಷಗಳಲ್ಲಿ ಮೆದುಳು ವೇಗವಾಗಿ ಬೆಳೆಯುತ್ತಿರುವಾಗಲೇ ವ್ಯಾಯಾಮ, ಮಾತಿನ ತರಬೇತಿ, ಶ್ರವಣ ಸಾಧನ ದೊರೆತರೆ ಆಗುವ ಪ್ರಯೋಜನ ಶಾಲೆಗೆ ಸೇರುವ ವಯಸ್ಸಿನಲ್ಲಿ ಎಚ್ಚೆತ್ತರೆ ಆಗದು.

ಪ್ರಶ್ನೆಯಲ್ಲಿ ಏನಿರುತ್ತದೆ?

ತಜ್ಞರೇ ಕುಳಿತು ಮಗುವನ್ನು ಪರೀಕ್ಷಿಸುವ ವಿಧಾನಗಳು ಹಲವಿವೆ. ಭಾರತದ ಮಕ್ಕಳಿಗಾಗಿ ಬರೋಡಾದಲ್ಲಿ ಡಾ| ಪ್ರಮೀಳಾ ಫಾಟಕ್ ಅವರು ರೂಪಿಸಿದ ಮಾಪನದಲ್ಲಿ ಚಲನೆಗೆ ಸಂಬಂಧಿಸಿದ 67 ಮತ್ತು ಬುದ್ಧಿಗೆ ಸಂಬಂಧಿಸಿದ 163 ಅಂಶಗಳಿವೆ. ಅದನ್ನು ನಡೆಸಲು ತರಬೇತಿಯಾದವರು ಬೇಕು, ಸಲಕರಣೆ ಬೇಕು, ಸಮಯ ಬೇಕು, ಮಗುವೂ ಆ ಹೊತ್ತಿಗೆ ಅಳದೆ ಇರಬೇಕು. ಪ್ರತಿಯೊಂದು ಮಗುವಿಗೂ ಮತ್ತೆ ಮತ್ತೆ ಇದನ್ನು ಮಾಡುವುದು ದೊಡ್ಡ ಆಸ್ಪತ್ರೆಗಳಿಗೂ ಕಷ್ಟ.

ಈ ಕಾರಣದಿಂದ ಮೊದಲ ಜರಡಿಯಾಗಿ ಹೆತ್ತವರನ್ನೇ ಕೇಳುವ ಪದ್ಧತಿ ಬೆಳೆದುಬಂತು. ಅಮೆರಿಕದ ಒರೆಗಾನ್ ವಿಶ್ವವಿದ್ಯಾನಿಲಯದ ತಜ್ಞರು ರೂಪಿಸಿದ 'ಏಜಸ್ ಆ್ಯಂಡ್ ಸ್ಟೇಜಸ್' ಪ್ರಶ್ನಾವಳಿ ಇವುಗಳಲ್ಲಿ ಹೆಸರಾದದ್ದು. ಅದರ 2009ರ ಮೂರನೇ ಆವೃತ್ತಿಯಲ್ಲಿ 2 ತಿಂಗಳಿಂದ 60 ತಿಂಗಳವರೆಗಿನ ವಯಸ್ಸಿಗೆ ಒಟ್ಟು 21 ಪ್ರಶ್ನಾವಳಿಗಳಿವೆ. ಮಾತು-ಸಂವಹನ, ಕೈಕಾಲು-ಮೈಯ ಚಲನೆ, ಬೆರಳುಗಳ ಕೆಲಸ, ಸಮಸ್ಯೆ ಬಿಡಿಸುವುದು, ಜನರೊಡನೆ ಬೆರೆಯುವುದು ಎಂಬ ಐದು ವಿಭಾಗ. ಒಂದೊಂದರಲ್ಲಿ ಆರು ಪ್ರಶ್ನೆ. 'ಹೌದು' ಎಂದರೆ 10 ಅಂಕ, 'ಕೆಲವೊಮ್ಮೆ' ಎಂದರೆ 5, 'ಇನ್ನೂ ಇಲ್ಲ' ಎಂದರೆ ಸೊನ್ನೆ. ಒಂದು ವಿಭಾಗಕ್ಕೆ ಹೆಚ್ಚೆಂದರೆ 60. ನಿಗದಿತ ಗೆರೆಗಿಂತ ಕೆಳಗಿದ್ದರೆ ತಜ್ಞರಿಗೆ ತೋರಿಸಬೇಕು. 'ಇಲ್ಲ' ಎನ್ನದೆ 'ಇನ್ನೂ ಇಲ್ಲ' ಎಂದು ಬರೆಯಿಸುವುದರಲ್ಲೇ ತಾಯಿಯ ಮನಸ್ಸನ್ನು ಬಲ್ಲವರ ವಿವೇಕ ಕಾಣುತ್ತದೆ.

ಬೇಗ ಹುಟ್ಟಿದ ಮಕ್ಕಳಿಗೆಂದೇ ಹೆಚ್ಚು ಬಳಕೆಯಾಗುವ ಇನ್ನೊಂದು ಪ್ರಶ್ನಾವಳಿ ಇಂಗ್ಲೆಂಡಿನ 'ಪಾರ್ಕಾ-ಆರ್'. ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ಹೆತ್ತವರು ತುಂಬಿಸುವ ಇದರಲ್ಲಿ ಮಗುವಿನ ಆಟ ಮತ್ತು ಗ್ರಹಿಕೆಯ ಬಗ್ಗೆ ಪ್ರಶ್ನೆಗಳಿವೆ, ಜತೆಗೆ ಮಗು ಯಾವ ಯಾವ ಪದ ಹೇಳುತ್ತದೆ ಎಂದು ಗುರುತು ಹಾಕಲು ನೂರು ಪದಗಳ ಪಟ್ಟಿ ಇದೆ. 2017ರಲ್ಲಿ ಬ್ರಿಟನ್‌ನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 'ನೈಸ್', ಅವಧಿಪೂರ್ವ ಮಕ್ಕಳ ಎರಡು ವರ್ಷದ ತಪಾಸಣೆಯಲ್ಲಿ ಇದನ್ನು ಬಳಸುವಂತೆ ಶಿಫಾರಸು ಮಾಡಿತು. ಅಲ್ಲಿಯೂ ಇದು ವೈದ್ಯರ ಭೇಟಿಗೆ ಬದಲಿಯಲ್ಲ, ಭೇಟಿಯ ಒಂದು ಭಾಗ ಎಂಬುದು ಗಮನಾರ್ಹ.

ಭಾರತದಲ್ಲೂ ಈ ಕೆಲಸ ಹೊಸದಲ್ಲ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದಲ್ಲಿ ಡಾ| ಎಂ.ಕೆ.ಸಿ. ನಾಯರ್ ಅವರ ತಂಡ 1991ರಲ್ಲಿ ಪ್ರಕಟಿಸಿದ ತಪಾಸಣಾ ಪಟ್ಟಿಯಲ್ಲಿ ಇರುವುದು ಬರೇ 17 ಅಂಶ. ಮಗುವಿನ ವಯಸ್ಸಿನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟು, ಅದರ ಎಡಕ್ಕೆ ಇರುವ ಯಾವುದನ್ನಾದರೂ ಮಗು ಇನ್ನೂ ಮಾಡುತ್ತಿಲ್ಲವೇ ಎಂದು ನೋಡಿದರಾಯಿತು. ಅಂಗನವಾಡಿ ಕಾರ್ಯಕರ್ತೆಯೂ ಕಲಿಯಬಹುದಾದಷ್ಟು ಸರಳ.

ಹೆತ್ತವರಿಗೆ ಹೆಗ್ಗಣ ಮುದ್ದಲ್ಲವೇ?

ಈ ಪದ್ಧತಿಗೆ ಮೊದಲ ಆಕ್ಷೇಪ ಗಾದೆಯಲ್ಲೇ ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು. ತಮ್ಮ ಮಗುವಿನ ಕೊರತೆಯನ್ನು ಅವರು ಹೇಳಿಯಾರೇ? ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ತಿಂಗಳುಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ಮಗುವನ್ನು ಮನೆಗೆ ತಂದ ತಾಯಿಗೆ ಮತ್ತೊಂದು ಕೆಟ್ಟ ಸುದ್ದಿ ಬೇಡವಾಗಿರುತ್ತದೆ. "ಅವನ ಅಪ್ಪನೂ ಮೂರು ವರ್ಷದವರೆಗೆ ಮಾತನಾಡಿರಲಿಲ್ಲ" ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ನಾಳೆ ಮಗಳ ಮದುವೆ ಮಾತುಕತೆಗೆ ತೊಡಕಾದೀತು ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಕೆಲವು ತಾಯಂದಿರು ಇದಕ್ಕೆ ತದ್ವಿರುದ್ಧ. ಆತಂಕದಲ್ಲಿ ಇಲ್ಲದ ತೊಂದರೆಯನ್ನೂ ಕಾಣುತ್ತಾರೆ.

ಆದರೆ ಆ ಗಾದೆಗೆ ಇನ್ನೊಂದು ಮಗ್ಗುಲೂ ಇದೆ. ಮುದ್ದು ಮಾಡುವವರೇ ಇಪ್ಪತ್ತನಾಲ್ಕು ಗಂಟೆಯೂ ನೋಡುವವರು. ದವಾಖಾನೆಯ ಹತ್ತು ನಿಮಿಷದಲ್ಲಿ ಅಪರಿಚಿತರ ಮುಂದೆ ಅಳುವ ಮಗು ಏನನ್ನೂ ಮಾಡಿ ತೋರಿಸುವುದಿಲ್ಲ. ಅದೇ ಮಗು ಮನೆಯಲ್ಲಿ ಏನೇನು ಮಾಡುತ್ತದೆ ಎಂದು ಹೆತ್ತವರಿಗೆ ಗೊತ್ತು. ಆದುದರಿಂದ ಹೆತ್ತವರು ಸರಿಯಾಗಿ ಹೇಳುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅವರನ್ನು ಹೇಗೆ ಕೇಳಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. "ಮಗು ಚೆನ್ನಾಗಿ ಬೆಳೆಯುತ್ತಿದೆಯೇ?" ಎಂದರೆ ಎಲ್ಲರೂ "ಹೂಂ" ಎನ್ನುತ್ತಾರೆ. "ನೆಲದ ಮೇಲೆ ಬಿದ್ದ ಒಂದು ಚುರುಮುರಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹೆಕ್ಕುತ್ತದೆಯೇ? ಕಣ್ಣೆದುರೇ ಬಟ್ಟೆಯಡಿ ಅಡಗಿಸಿಟ್ಟ ಚಮಚವನ್ನು ಹುಡುಕುತ್ತದೆಯೇ? ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆಯೇ?" ಎಂದು ಕೇಳಿದರೆ ಮುದ್ದಿಗೆ ಅಲ್ಲಿ ಜಾಗ ಕಡಿಮೆ. ಸಂಶಯವಿದ್ದರೆ ಮಗುವಿನಿಂದ ಮಾಡಿಸಿ ನೋಡಿ ಆಮೇಲೆ ಉತ್ತರಿಸಿ ಎಂದು ಒಳ್ಳೆಯ ಪ್ರಶ್ನಾವಳಿಗಳೇ ಹೇಳುತ್ತವೆ.

ದೆಹಲಿಯ ವೈದ್ಯರು 'ಏಜಸ್ ಆ್ಯಂಡ್ ಸ್ಟೇಜಸ್' ಅನ್ನು ಹಿಂದಿಗೆ ತಂದು 200 ಮಕ್ಕಳಲ್ಲಿ ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿದರು. ತಜ್ಞರ ಮಾಪನದೊಡನೆ ಹೋಲಿಸಿದಾಗ, ಬೆಳವಣಿಗೆ ಹಿಂದುಳಿದ ನೂರು ಮಕ್ಕಳಲ್ಲಿ ಸುಮಾರು 83ನ್ನು ಹೆತ್ತವರ ಉತ್ತರಗಳು ಸರಿಯಾಗಿ ಗುರುತಿಸಿದವು. ತೊಂದರೆಯಿಲ್ಲದ ನೂರರಲ್ಲಿ ಸುಮಾರು 75ನ್ನು ಸರಿಯೆಂದೇ ಹೇಳಿದವು. ಹೆತ್ತವರ ಮಾತು ನಂಬಲರ್ಹ ಎಂಬುದಕ್ಕೂ ಅದೊಂದೇ ಸಾಲದು ಎಂಬುದಕ್ಕೂ ಈ ಲೆಕ್ಕವೇ ಸಾಕ್ಷಿ. ನೂರರಲ್ಲಿ 17 ಮಕ್ಕಳು ಜರಡಿಯಿಂದ ತಪ್ಪಿಸಿಕೊಳ್ಳುತ್ತಾರೆ. ಸರಿಯಿರುವ 25 ಮಕ್ಕಳ ಹೆತ್ತವರು ಕೆಲವು ದಿನ ವೃಥಾ ಚಿಂತೆ ಮಾಡಬೇಕಾಗುತ್ತದೆ. ಅದಕ್ಕಾಗಿಯೇ ಒಮ್ಮೆ ಕೇಳಿ ಬಿಡದೆ ಕೆಲವು ತಿಂಗಳಿಗೊಮ್ಮೆ ಮತ್ತೆ ಮತ್ತೆ ಕೇಳಬೇಕು, ಮತ್ತು ಪ್ರಶ್ನಾವಳಿಯ ಅಂಕವನ್ನು ಯಾರೂ ರೋಗನಿರ್ಣಯವೆಂದು ತಿಳಿಯಬಾರದು.

ವಯಸ್ಸಿನ ಲೆಕ್ಕ ತಪ್ಪಬಾರದು

ಬೇಗ ಹುಟ್ಟಿದ ಮಗುವಿಗೆ ಎರಡು ವಯಸ್ಸು. ಒಂದು ಹುಟ್ಟಿದ ದಿನದಿಂದ ಎಣಿಸಿದ್ದು. ಇನ್ನೊಂದು ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿದ್ದು. ಎರಡನೆಯದಕ್ಕೆ ತಿದ್ದಿದ ವಯಸ್ಸು ಎನ್ನುತ್ತಾರೆ. ಗರ್ಭಾವಧಿಯ 40 ವಾರದಿಂದ ಮಗು ಹುಟ್ಟಿದ ವಾರವನ್ನು ಕಳೆದರೆ ಎಷ್ಟು ಬೇಗ ಹುಟ್ಟಿತೆಂದು ಸಿಗುತ್ತದೆ. ಅದನ್ನು ಈಗಿನ ವಯಸ್ಸಿನಿಂದ ಕಳೆಯಬೇಕು. 28 ವಾರಕ್ಕೆ ಹುಟ್ಟಿದ ಮಗು 12 ವಾರ, ಅಂದರೆ ಸುಮಾರು ಮೂರು ತಿಂಗಳು ಬೇಗ ಬಂದಿದೆ. ಮೊದಲ ಹುಟ್ಟುಹಬ್ಬದ ದಿನ ಅದರ ತಿದ್ದಿದ ವಯಸ್ಸು ಒಂಬತ್ತು ತಿಂಗಳು. ಪಕ್ಕದ ಮನೆಯ ಒಂದು ವರ್ಷದ ಮಗು ಗೋಡೆ ಹಿಡಿದು ಹೆಜ್ಜೆ ಇಡುತ್ತಿರುವಾಗ ಇದು ಅಂಬೆಗಾಲಿಡುತ್ತಿದ್ದರೆ ಹೆದರಬೇಕಾಗಿಲ್ಲ. ಎರಡು ವರ್ಷದವರೆಗೆ ಪ್ರಶ್ನಾವಳಿಯನ್ನು ಈ ತಿದ್ದಿದ ವಯಸ್ಸಿಗೇ ಆರಿಸಬೇಕು. ಚುಚ್ಚುಮದ್ದಿಗೆ ಮಾತ್ರ ಇದು ಅನ್ವಯಿಸದು. ಅದು ಹುಟ್ಟಿದ ದಿನದ ಲೆಕ್ಕದಲ್ಲೇ ನಡೆಯಬೇಕು.

ಈ ಲೆಕ್ಕ ತಿಳಿಯದೆ ಎರಡು ಬಗೆಯ ಅನ್ಯಾಯವಾಗುತ್ತದೆ. ಸರಿಯಾಗಿಯೇ ಬೆಳೆಯುತ್ತಿರುವ ಮಗುವಿಗೆ 'ಮಂದ' ಎಂಬ ಹಣೆಪಟ್ಟಿ ಬೀಳುತ್ತದೆ. ಅಥವಾ "ಬೇಗ ಹುಟ್ಟಿದ್ದಲ್ಲವೇ, ನಿಧಾನವಾಗಿ ಬರುತ್ತದೆ" ಎಂಬ ಮಾತಿನಲ್ಲಿ ನಿಜವಾದ ತೊಂದರೆ ವರ್ಷಗಟ್ಟಲೆ ಮುಚ್ಚಿಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ. ತಿದ್ದಿದ ವಯಸ್ಸಿನ ಲೆಕ್ಕದಲ್ಲೂ ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೂ ಆಧಾರವಿಲ್ಲದೆ ಕೂರದಿದ್ದರೆ, ಹದಿನೆಂಟು ತಿಂಗಳಿಗೂ ನಡೆಯದಿದ್ದರೆ ಅಥವಾ ಅರ್ಥವುಳ್ಳ ಒಂದು ಪದವೂ ಬಾರದಿದ್ದರೆ ಕಾಯಬಾರದು. ಒಂದು ವರ್ಷದೊಳಗಿನ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ಎಡಗೈಯವನೆಂದು ಖುಷಿಪಡುವ ಬದಲು ಇನ್ನೊಂದು ಕೈ ಏಕೆ ಸುಮ್ಮನಿದೆ ಎಂದು ಕೇಳಬೇಕು. ಬಂದ ಮಾತು, ಬಂದ ನಗು, ಬಂದ ಆಟ ಮರೆಯಾಗತೊಡಗಿದರೆ ಯಾವ ವಯಸ್ಸಿನಲ್ಲಾದರೂ ಅದೇ ವಾರ ವೈದ್ಯರನ್ನು ಕಾಣಬೇಕು.

ಯಾವ ಭಾಷೆಯಲ್ಲಿ ಕೇಳುವುದು?

ಇಲ್ಲಿಯೇ ಕನ್ನಡ ಸಂಘಗಳ ಕೆಲಸ ಆರಂಭವಾಗುವುದು. ಚೆಂಬೂರಿನ ಒಂದು ತುಳು ಮನೆಯ ಮಗು ಅಜ್ಜಿಯೊಡನೆ ಹಾಲನ್ನು 'ಪೇರ್' ಎನ್ನುತ್ತದೆ, ಕನ್ನಡದ ತಾಯಿಯೊಡನೆ 'ಹಾಲು' ಎನ್ನುತ್ತದೆ, ಕೆಲಸದಾಕೆಯೊಡನೆ 'ದೂಧ್' ಎನ್ನುತ್ತದೆ, ನೆರೆಮನೆಯಲ್ಲಿ ಟಿ.ವಿ. ನೋಡಿ 'ಮಿಲ್ಕ್' ಎಂದೂ ಹೇಳುತ್ತದೆ. ಒಂದೇ ಭಾಷೆಯ ಪಟ್ಟಿಯನ್ನು ಹಿಡಿದು ಎಣಿಸಿದರೆ ಈ ಮಗು ಪದಗಳ ಬಡವ. ಎಲ್ಲ ಭಾಷೆಗಳ ಪದಗಳನ್ನು ಕೂಡಿಸಿ ಎಣಿಸಿದರೆ ಲೆಕ್ಕವೇ ಬೇರೆ. ಮನೆಯಲ್ಲಿ ಹಲವು ಭಾಷೆಗಳಿರುವುದು ಮಾತು ತಡವಾಗಲು ಕಾರಣವೆಂದು ಹೇಳಿ ತುಳು-ಕನ್ನಡವನ್ನು ಬಿಡಿಸುವವರೂ ಇದ್ದಾರೆ. ಹಲವು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಮಗುವಿನ ಮಾತು ಕೆಡುವುದಿಲ್ಲ. ಮಾತು ನಿಜವಾಗಿ ತಡವಾಗಿದ್ದರೆ ಕಾರಣವನ್ನು ಮೊದಲು ಕಿವಿಯಲ್ಲಿ ಹುಡುಕಬೇಕೇ ಹೊರತು ಅಜ್ಜಿಯ ಭಾಷೆಯಲ್ಲಲ್ಲ. ಶ್ರವಣ ದೋಷಕ್ಕೆಂದೇ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಬಾಂದ್ರಾದಲ್ಲೇ ಇದೆ.

ಇನ್ನೊಂದು ತೊಡಕು ಅನುವಾದದ್ದು. 'ಸ್ಥೂಲ ಚಲನಾ ಕೌಶಲ', 'ಸೂಕ್ಷ್ಮ ಸ್ನಾಯು ಸಮನ್ವಯ' ಎಂದೆಲ್ಲ ಅಚ್ಚು ಹಾಕಿಸಿದರೆ ಪಂಡಿತರಿಗೂ ತಲೆನೋವು. 'ಕವುಚಿ ಬೀಳುತ್ತದೆಯೇ, ಅಂಬೆಗಾಲಿಡುತ್ತದೆಯೇ, ಟಾಟಾ ಮಾಡುತ್ತದೆಯೇ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಪ್ರಶ್ನೆಯ ಒಳಗಿನ ವಸ್ತುಗಳೂ ಬದಲಾಗಬೇಕು. ಒಂದೇ ಕೋಣೆಯ ಮನೆಯಲ್ಲಿ ಬೆಳೆಯುವ ಮಗು ಮೆಟ್ಟಿಲು ಹತ್ತುತ್ತದೆಯೇ ಎಂದು ಕೇಳಿದರೆ ತಾಯಿ ಏನು ಹೇಳಬೇಕು? ಮೂರು ವರ್ಷದವರೆಗೆ ಅಜ್ಜಿಯೇ ತುತ್ತು ಕಲಸಿ ಉಣ್ಣಿಸುವ ಮನೆಯಲ್ಲಿ ತಾನೇ ಚಮಚ ಹಿಡಿದು ಉಣ್ಣುತ್ತದೆಯೇ ಎಂಬ ಪ್ರಶ್ನೆಗೆ ಬರುವ 'ಇಲ್ಲ' ಮಗುವಿನ ಕೊರತೆಯಲ್ಲ, ಅಜ್ಜಿಯ ಅಕ್ಕರೆ. ಜತೆಗೆ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಎಷ್ಟೋ ತಾಯಂದಿರು ತುಳು-ಕನ್ನಡ ಮಾತನಾಡುತ್ತಾರೆ, ಆದರೆ ಕನ್ನಡ ಲಿಪಿ ಓದಲಾರರು. ಅವರ ಕೈಗೆ ಹಾಳೆ ಕೊಟ್ಟು ಪೆನ್ನು ಕೊಟ್ಟರೆ ಆಗದು. ಪಕ್ಕದಲ್ಲಿ ಕುಳಿತು ಓದಿ ಹೇಳಿ ಉತ್ತರ ಬರೆದುಕೊಳ್ಳಬೇಕು.

ಈ ವಿಷಯದಲ್ಲಿ ಮುಂಬಯಿಯ ಅನುಭವವೇ ದಾರಿ ತೋರಿಸುತ್ತದೆ. ಟರ್ಕಿಯ ಡಾ| ಇಲ್ಗಿ ಎರ್ಟೆಮ್ ಅವರು ರೂಪಿಸಿದ ಒಂದು ವಿಧಾನದಲ್ಲಿ ಹೌದು-ಇಲ್ಲ ಎಂಬ ಪಟ್ಟಿಯ ಬದಲು "ಮಗು ತನಗೆ ಬೇಕಾದದ್ದನ್ನು ನಿಮಗೆ ಹೇಗೆ ತಿಳಿಸುತ್ತದೆ? ಏನೇನು ಆಟವಾಡುತ್ತದೆ?" ಎಂಬಂಥ ಮುಕ್ತ ಪ್ರಶ್ನೆಗಳನ್ನು ಕೇಳಿ ತಾಯಿ ಹೇಳುವುದನ್ನು ಆಲಿಸುತ್ತಾರೆ. ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ, ಟರ್ಕಿ ಮತ್ತು ಭಾರತದ ಸುಮಾರು 5 ಸಾವಿರ ಆರೋಗ್ಯವಂತ ಮಕ್ಕಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಭಾರತದ ಕಡೆಯಿಂದ ಇದರಲ್ಲಿ ಪಾಲ್ಗೊಂಡದ್ದು ಡಾ| ವಿಭಾ ಕೃಷ್ಣಮೂರ್ತಿ ಅವರು 2001ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ 'ಉಮ್ಮೀದ್' ಮಕ್ಕಳ ಬೆಳವಣಿಗೆ ಕೇಂದ್ರ. ಮಾತು, ನಡಿಗೆ ಮುಂತಾದ ಹೆಚ್ಚಿನ ಹಂತಗಳನ್ನು ನಾಲ್ಕೂ ದೇಶಗಳ ಮಕ್ಕಳು ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ಮುಟ್ಟುತ್ತಾರೆ, ವ್ಯತ್ಯಾಸ ಕಾಣುವುದು ಮುಖ್ಯವಾಗಿ ಆಟದಲ್ಲಿ ಮತ್ತು ತನ್ನ ಕೆಲಸ ತಾನೇ ಮಾಡಿಕೊಳ್ಳುವುದರಲ್ಲಿ ಎಂದು ಅದು ತೋರಿಸಿತು. ಅಜ್ಜಿಯ ತುತ್ತಿನ ಮಾತು ಬರೇ ತಮಾಷೆಯಲ್ಲ.

ಹೆತ್ತವರ ಕಣ್ಣಿಗೆ ಕಾಣದ್ದು

ಪ್ರಶ್ನಾವಳಿಗೆ ಎಟುಕದ ಸಂಗತಿಗಳೂ ಇವೆ. ಬೇಗ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು. ತಾಯಿ ಎಷ್ಟೇ ಸೂಕ್ಷ್ಮವಾಗಿ ನೋಡಿದರೂ ಇದು ತಿಳಿಯದು. ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. 34 ವಾರಕ್ಕಿಂತ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ತಜ್ಞರೇ ನೋಡಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ| ಆನಂದ್ ವಿಣೇಕರ್ ಅವರ ತಂಡ 2008ರಲ್ಲಿ ಆರಂಭಿಸಿದ 'ಕಿಡ್ರಾಪ್' ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮರಾ ಹೊತ್ತು ಕರ್ನಾಟಕದ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಪುಟ್ಟ ಕಣ್ಣುಗಳ ಚಿತ್ರ ತೆಗೆಯುತ್ತಾರೆ, ದೂರದ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಕಿವಿಗೂ ಹೀಗೆಯೇ ಯಂತ್ರದ ಪರೀಕ್ಷೆ ಬೇಕು. ಪ್ರಶ್ನಾವಳಿ ತುಂಬಿಸಿದೆವು, ಎಲ್ಲ ಸರಿ ಇದೆ ಎಂದು ಇವೆರಡನ್ನು ಬಿಡುವಂತಿಲ್ಲ.

ಸಂಘಗಳು ಮಾಡಬಹುದಾದದ್ದು

ಚೆಂಬೂರಿನಲ್ಲಿ ವಿದ್ಯಾಸಂಸ್ಥೆ ನಡೆಸುತ್ತಾ ಬಂದ ಕರ್ನಾಟಕ ಸಂಘವಿದೆ. ಪರಿಸರದಲ್ಲಿ ಜಾತೀಯ ಸಂಘಟನೆಗಳ ಸ್ಥಳೀಯ ಸಮಿತಿಗಳು, ಭಜನಾ ಮಂಡಳಿಗಳು, ಮಹಿಳಾ ವಿಭಾಗಗಳು ಇವೆ. ಅರಸಿನ ಕುಂಕುಮಕ್ಕೆ ನೂರಾರು ಮಹಿಳೆಯರು ಸೇರುತ್ತಾರೆ. ಎಸೆಸೆಲ್ಸಿಯಲ್ಲಿ ಶೇ. 90 ಅಂಕ ಪಡೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಆ ವೇದಿಕೆಗೆ ಎಂದೂ ಬಾರದ ಮಕ್ಕಳ ಬಗ್ಗೆಯೂ ಚಿಂತಿಸುವುದು ಸಂಘಗಳ ಹೊಣೆಯೇ.

ಮೊದಲನೆಯದಾಗಿ, ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಮಕ್ಕಳ ಬೆಳವಣಿಗೆಗೆ ಒಂದು ಮೇಜು ಇರಲಿ. ಸಮಾಜದಲ್ಲಿ ಮಕ್ಕಳ ವೈದ್ಯರಿಗೆ, ದಾದಿಯರಿಗೆ, ನಿವೃತ್ತ ಶಿಕ್ಷಕಿಯರಿಗೆ ಕೊರತೆಯಿಲ್ಲ. ಒಂದೆರಡು ದಿನದ ತರಬೇತಿ ಪಡೆದ ಶಿಕ್ಷಕಿಯರು ಪ್ರಶ್ನೆ ಓದಿ ಹೇಳಬಹುದು, ಅಂಕ ನೋಡುವ ಕೆಲಸ ವೈದ್ಯರದ್ದಾಗಲಿ. ಪ್ರಶ್ನಾವಳಿಯನ್ನು ಸಂಘದವರೇ ಮನಬಂದಂತೆ ತಯಾರಿಸಬಾರದು, ಅನುಮತಿಯಿಲ್ಲದೆ ಅನುವಾದಿಸಿ ಅಚ್ಚು ಹಾಕಿಸಬಾರದು. ಪರೀಕ್ಷಿತ ಪ್ರಶ್ನಾವಳಿಯನ್ನು ತಜ್ಞರ ಮಾರ್ಗದರ್ಶನದಲ್ಲಿ ಬಳಸುವುದೇ ಕ್ಷೇಮ. ಆದರೆ ತಜ್ಞರು ಅನುವಾದಕ್ಕೆ ಕೈ ಹಾಕುವಾಗ ಮನೆಮಾತಿನ ಕನ್ನಡ-ತುಳುವನ್ನು ಒದಗಿಸಲು ಮುಂಬಯಿಯ ಬರಹಗಾರರಿಗಿಂತ, ತಾಯಂದಿರಿಗಿಂತ ಯೋಗ್ಯರು ಯಾರು?

ಎರಡನೆಯದಾಗಿ, ಮುಂದಿನ ದಾರಿ ಮೊದಲೇ ಗೊತ್ತಾಗಿರಲಿ. 2013ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಉದ್ಘಾಟನೆಯಾದದ್ದು ಆಗ ಠಾಣೆ ಜಿಲ್ಲೆಯಲ್ಲಿದ್ದ ಪಾಲ್ಘರ್‌ನಲ್ಲಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಜನ್ಮದೋಷ, ಪೌಷ್ಟಿಕ ಕೊರತೆ, ರೋಗ ಮತ್ತು ಬೆಳವಣಿಗೆಯ ಹಿಂದುಳಿಯುವಿಕೆಯನ್ನು ಗುರುತಿಸಿ ಉಚಿತ ಚಿಕಿತ್ಸೆ ಕೊಡಿಸುವುದು ಅದರ ಉದ್ದೇಶ. ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ, ಪರೇಲ್‌ನ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ತಜ್ಞರಿದ್ದಾರೆ. ಯಾವ ವಾರ, ಯಾವ ವಿಭಾಗ, ಯಾರನ್ನು ಕಾಣಬೇಕು ಎಂದು ವಿಚಾರಿಸಿ ಚೀಟಿಯಲ್ಲಿ ಬರೆದುಕೊಡುವುದು, ಬೇಕಾದರೆ ಯುವ ವಿಭಾಗದ ಒಬ್ಬರು ಜತೆಗೆ ಹೋಗುವುದು, ಇಷ್ಟು ಮಾಡಿದರೆ ಎಷ್ಟೋ ಹೆತ್ತವರ ಅರ್ಧ ಭಾರ ಇಳಿದಂತೆ. ಹೋಟೆಲಿನಲ್ಲಿ ದುಡಿಯುವ ತಂದೆಗೆ ಒಂದು ದಿನದ ರಜೆ ಎಷ್ಟು ದುಬಾರಿ ಎಂದು ಸಂಘಗಳಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯದಾಗಿ, ಗುಟ್ಟು ಗುಟ್ಟಾಗಿಯೇ ಉಳಿಯಲಿ. ತುಂಬಿಸಿದ ಹಾಳೆ ಹೆತ್ತವರ ಕೈಯಲ್ಲಿ ಮತ್ತು ವೈದ್ಯರ ಬಳಿ ಇರಬೇಕೇ ವಿನಾ ಸಂಘದ ಕಚೇರಿಯಲ್ಲಲ್ಲ. ಎಷ್ಟು ಮಕ್ಕಳಿಗೆ 'ದೋಷ' ಕಂಡುಬಂತೆಂದು ಭಾಷಣದಲ್ಲಿ ಹೇಳುವುದು, ಮಗುವಿನ ಫೋಟೋ ತೆಗೆದು ಪತ್ರಿಕೆಗೆ ಕಳುಹಿಸುವುದು ಖಂಡಿತ ಸಲ್ಲದು. ಒಬ್ಬರಿಗೊಬ್ಬರು ಗುರುತಿರುವ ಸಮಾಜದಲ್ಲಿ ಒಂದು ಬಾಯಿತಪ್ಪಿದ ಮಾತು ಮುಂದಿನ ವರ್ಷ ಆ ಮೇಜಿನ ಬಳಿ ಯಾರೂ ಸುಳಿಯದಂತೆ ಮಾಡೀತು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ. ಊರಿನಲ್ಲಿ ಹೆರಿಗೆ ಮುಗಿಸಿ ಬರುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ಮೂರು ವಿಷಯ ನೆನಪಿಸಬೇಕು: ಆಸ್ಪತ್ರೆಯ ಕಾಗದ ಮುಂಬಯಿಗೆ ತನ್ನಿ, ಮಗು ಎಷ್ಟು ವಾರಕ್ಕೆ ಹುಟ್ಟಿತೆಂದು ಇಲ್ಲಿನ ವೈದ್ಯರಿಗೆ ಮೊದಲ ದಿನವೇ ಹೇಳಿ, ಕಣ್ಣು-ಕಿವಿ ಪರೀಕ್ಷೆ ಆಗಿದೆಯೇ ಎಂದು ನೋಡಿಕೊಳ್ಳಿ. ಮಹಿಳಾ ವಿಭಾಗದ ಹಿರಿಯಕ್ಕಂದಿರು ಮಗು ನೋಡಲು ಹೋದಾಗ ಬೆಳ್ಳಿಯ ಗೆಜ್ಜೆಯ ಜತೆಗೆ ಈ ಮಾತನ್ನೂ ಕೊಟ್ಟು ಬರಬಹುದು. ಊರಿನ ಆಸ್ಪತ್ರೆಗಳೂ ಇಂದು ಪ್ರಶ್ನೆಗಳನ್ನು ಮೊಬೈಲಿಗೆ ಕಳುಹಿಸಿ, ಇಲ್ಲವೇ ಫೋನಿನಲ್ಲೇ ಕೇಳಿ ಉತ್ತರ ಬರೆದುಕೊಂಡರೆ, ರೈಲಿನಲ್ಲಿ ರಾತ್ರಿಯಿಡೀ ಪಯಣಿಸಿ ಮಗುವನ್ನು ತೋರಿಸಲು ಹೋಗಲಾಗದ ಕುಟುಂಬಗಳ ಕೈ ಬಿಡದಂತಾಗುತ್ತದೆ.

ಇವೆಲ್ಲದರ ನಡುವೆ ಮರೆಯಬಾರದ ಮಾತೊಂದಿದೆ. ಬೇಗ ಹೆರಿಗೆಯಾದ ತಾಯಿಗೆ ತಾನೇನೋ ತಪ್ಪು ಮಾಡಿದೆನೆಂಬ ಕೊರಗು ಮನಸ್ಸಿನಲ್ಲಿರುತ್ತದೆ. ಸೀಮಂತದ ದಿನ ಹೆಚ್ಚು ಓಡಾಡಿದಳು, ರೈಲಿನಲ್ಲಿ ಹೋದಳು, ಪಪ್ಪಾಯಿ ತಿಂದಳು ಎಂದು ಸುತ್ತಲಿನವರು ಹೇಳುವ ಕಾರಣಗಳಿಗೆ ಕೊನೆಯಿಲ್ಲ. ಪ್ರಶ್ನೆಗಳ ಹಾಳೆ ಇನ್ನೊಂದು ವಿಚಾರಣೆಯಂತೆ ಅವಳ ಮುಂದೆ ಬರಬಾರದು. ಮಗುವಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಬಲ್ಲವಳು ನೀನು, ನಿನ್ನ ಮಾತು ಬೇಕು ಎಂಬ ಗೌರವದಿಂದ ಬರಬೇಕು. ಹಾಗೆ ಕೇಳಿದಾಗ ಅವಳು 'ಇನ್ನೂ ಇಲ್ಲ' ಎಂಬ ಉತ್ತರವನ್ನೂ ಅಂಜದೆ ಹೇಳುತ್ತಾಳೆ. ಮಗುವಿಗೆ ಸಕಾಲದಲ್ಲಿ ನೆರವು ಸಿಗುವುದು ಆ ಉತ್ತರ ಹೊರಬಿದ್ದಾಗಲೇ. ಬರುವ ವರ್ಷದ ಶಿಬಿರದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು ಪದಾಧಿಕಾರಿಗಳು ಆ ಒಂದು ಮೇಜಿನ ಬಗ್ಗೆ ಯೋಚಿಸಲಿ.